ಮಣ್ಣಿನ ಊರಿನ ಕೀಲಿಕೈ

ಬಿಳಿಗಲ್ಲಿನ ಗುಡ್ಡಕ್ಕೂ ದೊಡ್ಡ ಕೆರೆಗೂ ನಡುವೆ ಒಂದು ಊರಿತ್ತು. ಆ ಊರಿನ ಪ್ರತಿ ಮನೆಯೊಳಗೂ ಇನ್ನೊಂದು ಊರಿತ್ತು. ಅದು ಮಣ್ಣಿನ ಊರು. ವರ್ಷದ ಬಹುಪಾಲು ಅದು ಹಲಸಿನ ಮರದ ಪೆಟ್ಟಿಗೆಯಲ್ಲಿ, ಹಳೆಯ ಬಟ್ಟೆಗಳ ನಡುವೆ ಮಲಗಿರುತ್ತಿತ್ತು. ಕ್ರಿಸ್ಮಸ್ಸಿಗೆ ನಾಲ್ಕು ವಾರ ಮೊದಲು ಶುರುವಾಗುವ ಆಗಮನ ಕಾಲದ ಮೊದಲ ಭಾನುವಾರ, ದೇವಾಲಯದಲ್ಲಿ ಪೂಜೆ ಮುಗಿದ ಮೇಲೆ, ಎದ್ದು ಹಜಾರಕ್ಕೆ ಬರುತ್ತಿತ್ತು. ಕ್ರಿಸ್ತ ಹುಟ್ಟುವ ಗೋದಲಿಯನ್ನು ನಡುವೆ ಇಟ್ಟು, ಸುತ್ತ ಬಂಡೆಯ ಮೇಲಿನ ಪಾಚಿ ಹಾಸಿ, ಮೊಳೆತ ರಾಗಿಯ ತಟ್ಟೆಗಳನ್ನು ಹೊಲವೆಂದು ಜೋಡಿಸಿ, ಕನ್ನಡಿಯನ್ನು ಕೆರೆಯೆಂದು ಮಲಗಿಸಿ, ಆಮೇಲೆ ಒಂದೊಂದೇ ಮನೆಯನ್ನು ಇಡುತ್ತಿದ್ದರು. ಜನವರಿಯ ಮೊದಲ ವಾರದಲ್ಲಿ ಮೂರು ರಾಯರ ಹಬ್ಬ ಕಳೆದ ಮೇಲೆ ಊರು ಮತ್ತೆ ಬಟ್ಟೆ ಹೊದ್ದು ಮಲಗುತ್ತಿತ್ತು.

ಆ ಊರಿಗೆ ಒಂದು ಕಟ್ಟಳೆ ಇತ್ತು. ಮನೆಯಲ್ಲಿ ಹುಟ್ಟಿದ ಪ್ರತಿಯೊಬ್ಬರಿಗೂ ಒಂದು ಮಣ್ಣಿನ ಮನೆ. ಕೂಸಿಗೆ ಹೆಸರಿಟ್ಟ ದಿನ ಕುಂಬಾರಗಿತ್ತಿ ಅದನ್ನು ಮಾಡಿ ತರುತ್ತಿದ್ದಳು. ಮದುವೆಯಾಗಿ ಹೋಗುವ ಹೆಣ್ಣು ತನ್ನ ಮನೆಯನ್ನು ಮಡಿಲಲ್ಲಿಟ್ಟುಕೊಂಡು ಹೋಗುತ್ತಿದ್ದಳು. ಸತ್ತವರ ಮನೆಗಳನ್ನು ಗೋದಲಿಯ ಹಿಂದಿನ ದಿಬ್ಬದ ಮೇಲೆ ಇಡುತ್ತಿದ್ದರು. ಇದನ್ನೆಲ್ಲ ಇಡುವವಳು ಮನೆಗೊಬ್ಬಳೇ. ಪೆಟ್ಟಿಗೆಯ ಕೀಲಿಕೈ ಅವಳ ಸೊಂಟದಲ್ಲಿ. ಅವಳು ಇಡುವಾಗ ಯಾರೂ ಮಾತಾಡುವಂತಿಲ್ಲ, ಯಾರೂ ಕೈ ನೀಡುವಂತಿಲ್ಲ. ಅವಳು ಯಾರ ಮನೆಯನ್ನು ಯಾರ ಪಕ್ಕದಲ್ಲಿ ಇಟ್ಟಳೋ ಅವರು ವರ್ಷವಿಡೀ ಅವರ ಪಕ್ಕದಲ್ಲಿ ಊಟಕ್ಕೆ ಕೂರಬೇಕು. ಅವಳು ಯಾರ ಮನೆಯನ್ನು ಪೆಟ್ಟಿಗೆಯಲ್ಲೇ ಬಿಟ್ಟಳೋ ಅವರು ಅವತ್ತೇ ಹೊಸ್ತಿಲು ದಾಟಿ ಹೊರಗೆ ಹೋಗಬೇಕು. ಮುಂದಿನ ಆಗಮನದ ತನಕ ಕೆರೆಯಾಚೆಯ ಗುಡಿಸಲುಗಳ ಸಾಲಿನಲ್ಲಿ ಬದುಕಬೇಕು.

ಕಟ್ಟಳೆ ಕ್ರೂರವೆಂದು ಆ ಊರಿನಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಇಡುವವಳು ತಾಯಿಯಾಗಿರುತ್ತಿದ್ದಳು, ತಾಯಿ ಯಾಕೆ ಮಕ್ಕಳನ್ನು ಬಿಟ್ಟಾಳು? ಬಿಟ್ಟರೆ ಅದಕ್ಕೊಂದು ಕಾರಣವಿರುತ್ತಿತ್ತು. ಹಿಂದೆ ಒಬ್ಬ ಗಂಡ ಕುಡಿದು ಬಂದು ಹೆಂಡತಿಯ ಮುಖಕ್ಕೆ ಕಾದ ಕಬ್ಬಿಣ ಒತ್ತಿದ್ದ. ಆ ವರ್ಷ ಅವನ ತಾಯಿ ಎಲ್ಲರ ಮನೆಗಳನ್ನೂ ಇಟ್ಟು, ಮಗನ ಮನೆಯನ್ನು ಮಾತ್ರ ಬಟ್ಟೆ ಬಿಚ್ಚದೆ ಪೆಟ್ಟಿಗೆಯಲ್ಲೇ ಬಿಟ್ಟು ಬೀಗ ಹಾಕಿದ್ದಳು. ಅತ್ತೆ ತೀರಿಕೊಂಡ ಮೇಲೆ ಸೊಸೆಯೇ ಇಡುವವಳಾದಳು, ಅವಳೂ ಆ ಬಟ್ಟೆ ಬಿಚ್ಚಲಿಲ್ಲ. ಅವನು ಎಂಟು ವರ್ಷದಿಂದ ಕೆರೆಯಾಚೆ ಇದ್ದಾನೆ. ಇವಳು ಎಂಟು ವರ್ಷದಿಂದ ಬಾಗಿಲು ತೆರೆದು ನಿದ್ದೆ ಮಾಡುತ್ತಿದ್ದಾಳೆ.

ಆ ಸುಟ್ಟ ಕೆನ್ನೆಯವಳ ಪಕ್ಕದ ಮನೆಯಲ್ಲಿ ಒಬ್ಬ ಮುದಿತಾಯಿ ಇದ್ದಳು. ಅವಳ ಮಣ್ಣಿನ ಊರಿನಲ್ಲಿ ಮೂವತ್ತೊಂದು ಮನೆಗಳು. ಊರಿನಲ್ಲೇ ಅಷ್ಟು ಹಳೆಯದು ಇನ್ನೊಂದಿರಲಿಲ್ಲ. ಕೆಲವು ಮನೆಗಳ ಸುಣ್ಣ ಹಲ್ಲಿನ ಬಣ್ಣಕ್ಕೆ ತಿರುಗಿತ್ತು. ಒಂದು ಮನೆಯ ಗೋಡೆಯಲ್ಲಿ ಅದನ್ನು ಮಾಡಿದವಳ ಹೆಬ್ಬೆರಳಿನ ಗುರುತಿತ್ತು. ಒಂಟಿ ಕಿವಿಯ ಕತ್ತೆ ಇತ್ತು. ಪುಟ್ಟ ಬಾವಿ ಇತ್ತು, ಅದರ ಕಟ್ಟೆಗೆ ಬಳೆಚೂರುಗಳನ್ನು ಮೆತ್ತಿದ್ದರು. ಪ್ರತಿ ಮನೆಗೂ ಅದರದೇ ಬಟ್ಟೆ. ಮುತ್ತಜ್ಜನ ಮನೆಗೆ ಅವನ ಪಂಚೆಯ ತುಂಡು, ಚಿಕ್ಕಂದಿನಲ್ಲೇ ಹೋದ ಕೂಸಿನ ಮನೆಗೆ ಅದರ ತೊಟ್ಟಿಲ ಬಟ್ಟೆ. ಮುದಿತಾಯಿ ಒಂದೊಂದನ್ನೂ ಬಿಚ್ಚಿ, ಹತ್ತಿಯಿಂದ ಒರೆಸಿ, ಹೆಸರು ಹಿಡಿದು ಕರೆದು, "ಬಾ, ಇಲ್ಲಿರು" ಎಂದು ಇಡುತ್ತಿದ್ದಳು. ಮೂವತ್ತೊಂದು ಸಲ ಬಾ ಅನ್ನುತ್ತಿದ್ದಳು, ಮೂವತ್ತೊಂದು ಸಲ ಇಲ್ಲಿರು ಅನ್ನುತ್ತಿದ್ದಳು. ಕೊನೆಯದಾಗಿ, ಯಾರ ಹೆಸರೂ ಇಲ್ಲದ ಒಂದು ಗುಡಿಸಲನ್ನು ಊರ ಬಾಗಿಲಲ್ಲಿ ಇಡುತ್ತಿದ್ದಳು. ಅದು ದಾರಿಹೋಕರದು. ಅದಿಲ್ಲದ ಊರು ಊರಲ್ಲ. ಇಡುವವಳು ಯಾವ ದಾರಿಹೋಕರನ್ನು ಬಾ ಎಂದು ಕರೆದಳೋ ಅವರು, ಅವಳು ಹೋಗು ಅನ್ನುವ ತನಕ ಆ ಮನೆಯಲ್ಲಿ ಇರಬಹುದಾಗಿತ್ತು. ಆದರೆ ಯಾರನ್ನೂ ತನ್ನವರೆಂದು ಹೇಳಿಕೊಳ್ಳುವಂತಿರಲಿಲ್ಲ.

ಮುದಿತಾಯಿಗೆ ಒಬ್ಬಳು ಮಗಳು, ಒಬ್ಬ ಮಗ. ಮಗನಿಗೆ ಮದುವೆಯಾಗಿತ್ತು. ಮಗಳು ಸಗಾಯಿ ದೊಡ್ಡವಳು, ಮದುವೆ ಆಗದೆ ತಾಯಿಯ ಜೊತೆಗೇ ಉಳಿದವಳು. ಅಮ್ಮನಿಗೆ ನೀರು ಹಾಕುವವಳು ಅವಳು, ತಲೆ ಬಾಚುವವಳು ಅವಳು, ಇಡುವ ದಿನಕ್ಕೆ ಇಪ್ಪತ್ತು ದಿನ ಮೊದಲೇ ರಾಗಿ ನೆನೆಹಾಕುವವಳು ಅವಳು. ಮುಂದೆ ಕೀಲಿಕೈ ಅವಳದೇ ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ಕೀಲಿಕೈಯನ್ನು ಇಡುವವಳು ತಾನೇ, ಪಡೆಯುವವಳ ಹೆಸರು ಹೇಳಿ, ಅವಳ ಕೈಗೆ ಕೊಡಬೇಕಿತ್ತು. ಮುದಿತಾಯಿ "ಕೊಡ್ತೀನಿ ಇರು, ಇನ್ನೂ ಕೈಯಲ್ಲಿ ಕಸುವಿದೆ" ಅನ್ನುತ್ತಿದ್ದಳು.

ಕೈಯಲ್ಲಿ ಕಸುವಿತ್ತು. ಹೋಗುತ್ತಿದ್ದುದು ಬೇರೆ. ಮೊದಲು ಉಪ್ಪು ಹಾಕಿದ್ದು ಮರೆಯುತ್ತಿತ್ತು. ಆಮೇಲೆ ಉಂಡದ್ದು ಮರೆಯುತ್ತಿತ್ತು. ಒಂದು ವರ್ಷ ಇಡುವಾಗ ಬಾವಿಯನ್ನು ಗೋದಲಿಯೊಳಗೆ ಇಟ್ಟಳು. ಮುತ್ತಜ್ಜನ ಮನೆಯನ್ನು ತನ್ನ ತಮ್ಮನದು ಎಂದು ಕರೆದಳು. ಸಗಾಯಿಗೆ ತುಟಿಯ ತನಕ ಮಾತು ಬಂದು ನಿಂತಿತು. ಇಡುವಾಗ ಮಾತಾಡುವಂತಿಲ್ಲ.

ಮರುವರ್ಷದ ಆಗಮನದ ಭಾನುವಾರ, ಮುದಿತಾಯಿ ಒಂದು ಹಸಿರು ಕಿಟಕಿಯ ಮನೆಯನ್ನು ಬಿಚ್ಚಿ ಕೈಯಲ್ಲಿ ಹಿಡಿದಳು. ತಿರುಗಿಸಿ ನೋಡಿದಳು. ಬೆಳಕಿಗೆ ಹಿಡಿದು ನೋಡಿದಳು. ಬೆರಳಿನಿಂದ ಕಿಟಕಿ ಮುಟ್ಟಿ ನೋಡಿದಳು.

"ಇದು ಯಾರದು?" ಎಂದು ಕೇಳಿದಳು.

ಹಜಾರದಲ್ಲಿ ಎಲ್ಲರೂ ಇದ್ದರು. ಮಗನಿದ್ದ, ಸೊಸೆ ಇದ್ದಳು, ಕಟ್ಟಳೆ ನೋಡಿಕೊಳ್ಳುವ ಊರ ಹಿರಿಯನಿದ್ದ, ಸುಟ್ಟ ಕೆನ್ನೆಯವಳಿದ್ದಳು. ಬೆಳಿಗ್ಗೆ ಅಮ್ಮನ ಬೆನ್ನುಜ್ಜಿದ ಕೈಯಿಂದ ಸಗಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಯಾರೂ ಉತ್ತರ ಕೊಡುವಂತಿರಲಿಲ್ಲ. ಮುದಿತಾಯಿ ಒಂದು ಗಳಿಗೆ ಕಾದಳು. ಯಾರೂ ಹೇಳದ್ದು ಕಂಡು, ಯಾರದೋ ಇರಬೇಕು, ತಪ್ಪಿ ನಮ್ಮ ಪೆಟ್ಟಿಗೆಗೆ ಬಂದಿದೆ ಅನ್ನುವ ಹಾಗೆ ತಲೆಯಾಡಿಸಿದಳು. ಮನೆಯನ್ನು ಜೋಪಾನವಾಗಿ ಬಟ್ಟೆಯಲ್ಲಿ ಸುತ್ತಿದಳು. ಪೆಟ್ಟಿಗೆಯ ತಳದಲ್ಲಿಟ್ಟು ಬೀಗ ಹಾಕಿದಳು.

ಮಗ ಹಿರಿಯನ ಕಾಲು ಹಿಡಿದ. "ಅಕ್ಕನ ಮನೆಯನ್ನು ಬೇಕೂಂತ ಬಿಟ್ಟದ್ದಲ್ಲ ಸ್ವಾಮೀ. ಅಮ್ಮನಿಗೆ ಮರೆವು. ನೀವೇ ನೋಡಿದ್ರಲ್ಲ."

ಹಿರಿಯ ಕೆಟ್ಟವನಾಗಿರಲಿಲ್ಲ. ಅವನ ಕಣ್ಣೂ ಒದ್ದೆಯಾಗಿತ್ತು. "ನೋಡಿದೆನಪ್ಪ. ಆದರೆ ಮರೆತು ಬಿಟ್ಟದ್ದೋ, ಬೇಕೂಂತ ಬಿಟ್ಟದ್ದೋ ಅಂತ ನಾವು ಕೇಳೋಕೆ ಶುರು ಮಾಡಿದರೆ, ನಾಳೆ ಕೆರೆಯಾಚೆಯಿಂದ ಎಲ್ಲರೂ ಬರ್ತಾರೆ. ಎಲ್ಲರ ತಾಯಂದಿರಿಗೂ ಮರೆವು ಬಂದಿತ್ತು ಅಂತಾರೆ. ನಾನು ಯಾರನ್ನು ಒಳಗೆ ಬಿಡಲಿ, ಯಾರನ್ನು ತಡೀಲಿ?"

ಸಂಜೆ ಸುಟ್ಟ ಕೆನ್ನೆಯವಳು ಹಿತ್ತಿಲ ಬಾಗಿಲಿಗೆ ಬಂದಳು. ಸಗಾಯಿ ಎರಡು ಸೀರೆಗಳನ್ನು ಗಂಟು ಕಟ್ಟುತ್ತಿದ್ದಳು.

"ನಾನು ಹೇಳೋದನ್ನು ಕೇಳಿ ನನ್ನನ್ನು ಶಪಿಸಬೇಡ ಸಗಾಯಿ. ನಿನ್ನ ತಮ್ಮ ಊರನ್ನೆಲ್ಲ ಒಪ್ಪಿಸ್ತೀನಿ ಅಂತಿದ್ದಾನೆ. ಬೇಡ ಅನ್ನು. ನಿನಗೋಸ್ಕರ ಬಾಗಿಲು ತೆಗೆದರೆ ನನ್ನ ಗಂಡನಿಗೋಸ್ಕರವೂ ತೆಗೀತಾರೆ. ನಮ್ಮಮ್ಮನಿಗೆ ಅರಳುಮರುಳಾಗಿತ್ತು, ಹಾಗಾಗಿ ನನ್ನನ್ನು ಬಿಟ್ಟಳು, ಇವಳಿಗೆ ಕೀಲಿಕೈ ಕೊಟ್ಟದ್ದೂ ಸಲ್ಲದು ಅಂತ ಅವನು ಈಗಾಗಲೇ ಹೇಳ್ಕೊಂಡು ತಿರುಗ್ತಿದ್ದಾನಂತೆ."

ಸಗಾಯಿ ಅವಳ ಕೆನ್ನೆಯನ್ನು ನೋಡಿದಳು. ತ್ರಿಕೋನದ ಗುರುತು ಬಿಗಿದುಕೊಂಡು ಕಣ್ಣನ್ನು ಕೆಳಗೆಳೆದಿತ್ತು. "ನಾನು ಹೋಗ್ತೀನಿ ಬಿಡು," ಅಂದಳು. "ಒಂದು ವರ್ಷ ತಾನೇ."

ಹೊಸ್ತಿಲಲ್ಲಿ ಮುದಿತಾಯಿ ಕೂತಿದ್ದಳು. ತಾನು ಏನು ಮಾಡಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. "ಎಲ್ಲಿಗೆ ಹೊರಟೆಯೇ ಸಗಾಯಿ, ಹೊತ್ತು ಮುಳುಗೋ ಹೊತ್ತಲ್ಲಿ? ಬೇಗ ಬಾ. ತಲೆ ಸಿಕ್ಕಾಗಿದೆ, ಬಾಚಬೇಕು."

"ಬರ್ತೀನಮ್ಮ," ಅಂದಳು ಸಗಾಯಿ.

ಕೆರೆಯಾಚೆಯ ಸಾಲಿನಲ್ಲಿ ಅವಳು ಚಾಪೆ ಹೆಣೆದು ಬದುಕಿದಳು. ಮೂರು ರಾಯರ ಹಬ್ಬದ ತನಕ ಸಂಜೆ ಸಂಜೆಗೆ ಊರಿನ ಕಿಟಕಿಗಳಲ್ಲಿ ಮಣ್ಣಿನ ಊರುಗಳ ದೀಪ ಹೊತ್ತುವುದು ನೀರಿನಲ್ಲಿ ಕಾಣುತ್ತಿತ್ತು. ಆಮೇಲೆ ಅದೂ ಇಲ್ಲ. ಬಟ್ಟೆ ಒಗೆಯುವ ನೆವದಲ್ಲಿ ಸೊಸೆ ಕೆರೆಯಂಚಿಗೆ ಬಂದು ಆಚೆ ದಡಕ್ಕೆ ಕೂಗಿ ಹೇಳುತ್ತಿದ್ದಳು. ಅತ್ತೆ ಇವತ್ತು ಎರಡು ತುತ್ತು ಉಂಡರು ಅಕ್ಕಾ. ಅತ್ತೆ ನನ್ನ ಕೈಲಿ ತಲೆ ಮುಟ್ಟಿಸಿಕೊಳ್ಳಲ್ಲ ಅಕ್ಕಾ. ಬಾಗಿಲಲ್ಲೇ ಕೂತಿರ್ತಾರೆ, ಸಗಾಯಿ ಬಂದಳಾ ಅಂತ ಕೇಳ್ತಾರೆ. ಮಳೆಗಾಲ ಕಳೆಯುವ ಹೊತ್ತಿಗೆ ಸೊಸೆ ಕೂಗಿ ಹೇಳುವ ಮಾತುಗಳು ಕಡಿಮೆಯಾದವು. ಒಂದು ದಿನ ಅವಳು ದಡದಲ್ಲಿ ನಿಂತು ಬರೀ ಅತ್ತು ಹೋದಳು.

ಮುಂದಿನ ಆಗಮನದ ಭಾನುವಾರ, ಪೂಜೆ ಮುಗಿಯುವ ಹೊತ್ತಿಗೆ ಸಗಾಯಿ ಬೇಲಿಯ ಹೊರಗೆ ಬಂದು ನಿಂತಳು. ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಅಮ್ಮನ ಕೈ ಇಳಿದಿತ್ತು. ಮೂವತ್ತೊಂದರಲ್ಲಿ ಹನ್ನೊಂದನ್ನು ಮಾತ್ರ ಇಟ್ಟಳು. ಸತ್ತವರನ್ನು ಹೊಲದ ನಡುವೆ ಇಟ್ಟಳು, ಮಗ ಸೊಸೆಯನ್ನು ದಿಬ್ಬದ ಮೇಲೆ ಇಟ್ಟಳು. ಹಸಿರು ಕಿಟಕಿಯ ಮನೆಯನ್ನು ಈ ಸಲ ಬಿಚ್ಚಲೂ ಇಲ್ಲ. ಕೊನೆಗೆ ದಾರಿಹೋಕರ ಗುಡಿಸಲನ್ನು ಹಿಡಿದು ಎದ್ದಳು, ಎಲ್ಲಿಡಬೇಕೆಂದು ತೋಚದೆ, ಅದನ್ನು ಎತ್ತಿಕೊಂಡೇ ನಡೆಯುತ್ತ ಬಾಗಿಲಿಗೆ ಬಂದಳು.

ಬೇಲಿಯಾಚೆ ಒಬ್ಬ ಹೆಂಗಸು ನಿಂತಿರುವುದು ಅವಳಿಗೆ ಕಂಡಿತು.

"ಯಾರವ್ವ? ದೂರದಿಂದ ಬಂದೆಯಾ?"

ಸಗಾಯಿ ಬೇಲಿಯ ಹತ್ತಿರಕ್ಕೆ ಬಂದಳು. "ದೂರದಿಂದ," ಅಂದಳು.

"ಬಿಸಿಲಲ್ಲಿ ಯಾಕೆ ನಿಂತೆ? ಬಾ, ಇಲ್ಲಿರು."

ಹಜಾರದಲ್ಲಿದ್ದ ಹಿರಿಯ ಕೋಲು ಊರುತ್ತ ಬಾಗಿಲಿಗೆ ಬಂದ. ಆಮೇಲೆ ಹೇಳಿದ: "ಇಡುವವಳು ಕರೆದ ಮೇಲೆ ಕರೆದ ಹಾಗೆಯೇ. ದಾರಿಹೋಕಳಾಗಿ ಇರಲಿ. ಆದರೆ ನೆನಪಿಟ್ಟುಕೋ ತಾಯಿ, ಇವರು ನಿನಗೆ ಏನೂ ಅಲ್ಲ. ನಾನು ಸಗಾಯಿ ಅಂತ ನಿನ್ನ ಬಾಯಲ್ಲಿ ಬಂದ ದಿನ ನೀನು ಹೊಸ್ತಿಲು ದಾಟಬೇಕು."

ಹೀಗೆ ಸಗಾಯಿ ತಾನು ಹುಟ್ಟಿದ ಮನೆಗೆ ಹೊರಗಿನವಳಾಗಿ ಬಂದಳು. ತಮ್ಮನನ್ನು ಯಜಮಾನರೇ ಅಂದಳು. ಅವನು ಅಡುಗೆಮನೆಗೆ ಹೋಗಿ ಗೋಡೆಗೆ ಹಣೆ ಒತ್ತಿಕೊಂಡು ನಿಂತ. ತಾಯಿಯನ್ನು ಮಾತ್ರ ಅಮ್ಮ ಎಂದೇ ಕರೆಯಬಹುದಿತ್ತು, ಯಾವ ವಯಸ್ಸಾದ ಹೆಂಗಸನ್ನು ಯಾರು ಬೇಕಾದರೂ ಅಮ್ಮ ಅನ್ನಬಹುದಲ್ಲ. ಆದರೆ ಆ 'ಅಮ್ಮ'ನ ಜೊತೆ 'ನೀವು' ಎಂಬ ಮರ್ಯಾದೆಯ ಮಾತು ಸೇರಬೇಕಿತ್ತು. ನೀರು ಕಾದಿದೆ ಏಳಿ ಅಮ್ಮ. ಇನ್ನೊಂದು ತುತ್ತು ತಗೊಳ್ಳಿ ಅಮ್ಮ. ಹುಟ್ಟಿದಂದಿನಿಂದ ನೀನು ತಾನು ಅಂದ ನಾಲಗೆಗೆ ಅದು ಪ್ರತಿಸಲವೂ ಕಲ್ಲಿನ ಹಾಗೆ ಸಿಗುತ್ತಿತ್ತು.

ಮುದಿತಾಯಿ ಅವಳ ಕೈಯಿಂದ ಉಂಡಳು. ಅವಳ ಕೈಗೆ ತಲೆ ಕೊಟ್ಟಳು. ಅವಳಿಗೆ ತನ್ನ ಮಣ್ಣಿನ ಊರನ್ನು ತೋರಿಸಿದಳು. "ನೋಡು, ಈ ಗೋಡೆ ಮೇಲೆ ಬೆರಳಿನ ಗುರುತಿದೆಯಲ್ಲ, ಇದು ನಮ್ಮ ಕೂಸು ಒತ್ತಿದ್ದು," ಅಂದಳು. ಅದು ಕೂಸು ಒತ್ತಿದ್ದಲ್ಲ. ಆದರೂ ಸಗಾಯಿ "ಹೌದಾ ಅಮ್ಮ, ಎಷ್ಟು ಚೆನ್ನಾಗಿದೆ" ಅಂದಳು. ಕತ್ತೆಯ ಕಿವಿ ಹೋದ ಕತೆಯನ್ನು ಮುದಿತಾಯಿ ಒಂದೊಂದು ದಿನ ಒಂದೊಂದು ಥರ ಹೇಳಿದಳು. ಪಾಚಿ ಒಣಗದ ಹಾಗೆ ಸಗಾಯಿ ನೀರು ಚಿಮುಕಿಸಿದಳು, ಹತ್ತಿಯಿಂದ ಧೂಳು ತೆಗೆದಳು, ಬತ್ತಿ ಹೊಸೆದು ಕೊಟ್ಟಳು. ಮನೆಗಳನ್ನು ಮುಟ್ಟಲಿಲ್ಲ.

ಒಂದು ಮಧ್ಯಾಹ್ನ ತಲೆ ಬಾಚಿಸಿಕೊಳ್ಳುತ್ತ ಮುದಿತಾಯಿ ಹೇಳಿದಳು: "ನನಗೂ ಒಬ್ಬಳು ಮಗಳಿದ್ದಳು ಕಣವ್ವ."

ಬಾಚಣಿಗೆ ನಿಂತಿತು.

"ಸಗಾಯಿ ಅಂತ. ಬೇಗ ಬಾ ಅಂದಿದ್ದೆ. ಬರ್ತೀನಿ ಅಂದು ಹೋದವಳು ಬರಲೇ ಇಲ್ಲ. ನಾನೇನು ಮಾಡಿದ್ದೆ ಹೇಳು ಅವಳಿಗೆ? ಹೆತ್ತ ತಾಯಿ ಹೀಗೆ ಕೂತಿದ್ದಾಳೆ ಅಂತ ಒಂದು ದಿನ ನೋಡೋಕೆ ಬರಬಾರದಾ? ನೀನು ಯಾರೋ ಏನೋ, ನೀನೇ ಇಷ್ಟು ಮಾಡ್ತೀಯ."

"ಬರ್ತಾಳೆ ಬಿಡಿ ಅಮ್ಮ."

"ಬಂದರೆ ಈ ಕೀಲಿಕೈ ಅವಳಿಗೇ. ಬೇರೆ ಯಾರಿಗೂ ಕೊಡಲ್ಲ. ಅವಳ ಕೈ ಮೆತ್ತಗಿದೆ, ಒಂದು ಚೂರೂ ಮುಕ್ಕಾಗದ ಹಾಗೆ ಇಡ್ತಾಳೆ."

ಇದೇ ಮಾತು ಮರುದಿನವೂ ಬಂತು, ಅದರ ಮರುದಿನವೂ ಬಂತು. ಬರಲಿಲ್ಲ ನೋಡು, ಬರಲೇ ಇಲ್ಲ ನೋಡು. ಎರಡು ವರ್ಷ ಸಗಾಯಿ ಅದನ್ನು ಕೇಳಿದಳು. ಬಾಚುತ್ತ ಕೇಳಿದಳು, ಉಣಿಸುತ್ತ ಕೇಳಿದಳು. ಕೊನೆಗೊಂದು ದಿನ ಅವಳಿಂದ ಆಗಲಿಲ್ಲ. ಬಾಚಣಿಗೆ ಕೆಳಗಿಟ್ಟು, ಅಮ್ಮನ ಎದುರಿಗೆ ಬಂದು ಕೂತು, ಆ ಎರಡು ಕೈಗಳನ್ನೂ ಹಿಡಿದುಕೊಂಡಳು.

"ನಾನೇ ಕಣಮ್ಮ. ನಾನೇ ಸಗಾಯಿ. ನೋಡು ನನ್ನ. ನಾನು ಎಲ್ಲೂ ಹೋಗಿಲ್ಲ, ನಿನ್ನ ಹತ್ತಿರವೇ ಇದ್ದೀನಿ."

ಮುದಿತಾಯಿ ನೋಡಿದಳು. ಹಣೆ ನೋಡಿದಳು, ಬಾಯಿ ನೋಡಿದಳು, ಕಿವಿಯ ಪಕ್ಕದ ನರೆಗೂದಲು ನೋಡಿದಳು. ಅವಳ ಮುಖದಲ್ಲಿ ಏನೋ ಹತ್ತಿರ ಬಂದು, ಮೆಟ್ಟಿಲ ತನಕ ಬಂದು, ಹಾಗೆಯೇ ಹಿಂದಿರುಗಿತು.

"ಸಗಾಯಿಗೆ ಎರಡು ಜಡೆ," ಅಂದಳು ಮೆಲ್ಲಗೆ. "ಅವಳು ಇಷ್ಟೇ ಎತ್ತರ." ಆಮೇಲೆ ಅವಳ ಕೈ ಸೊಂಟಕ್ಕೆ ಹೋಯಿತು, ಕಣ್ಣು ದೊಡ್ಡದಾಯಿತು. "ಕೀಲಿಕೈಗೆ ಬಂದಿದ್ದೀಯಾ ನೀನು? ಅಯ್ಯೋ, ಯಾರಾದರೂ ಬನ್ನಿ! ನನ್ನ ಮಗಳ ಹೆಸರು ಹೇಳ್ಕೊಂಡು ಕದಿಯೋಕೆ ಬಂದಿದ್ದಾಳೆ!"

ಕೂಗು ಕೇಳಿ ಪಕ್ಕದ ಮನೆಯಿಂದ ಸುಟ್ಟ ಕೆನ್ನೆಯವಳು ಓಡಿ ಬಂದಳು. ಹಿತ್ತಿಲ ಬಾಗಿಲಲ್ಲಿ ನಿಂತಳು. ಅಲ್ಲಿಂದ ಎಲ್ಲ ಕೇಳಿಸಿತ್ತು ಎಂಬುದು ಅವಳ ಮುಖದಲ್ಲೇ ಇತ್ತು. ಹೆಸರು ಬಾಯಲ್ಲಿ ಬಂದಾಗಿತ್ತು, ಸಗಾಯಿ ಹೊಸ್ತಿಲು ದಾಟಬೇಕಿತ್ತು. ಸಗಾಯಿ ಎದ್ದು ನಿಂತಳು.

ಸುಟ್ಟ ಕೆನ್ನೆಯವಳು ಒಳಗೆ ಬಂದು ಬಾಗಿಲು ಮುಚ್ಚಿದಳು. "ನನಗೇನೂ ಕೇಳಿಸಲಿಲ್ಲ," ಅಂದಳು. ಮುದಿತಾಯಿಯ ಬೆನ್ನು ಸವರುತ್ತ ಕೂತಳು. "ಕಳ್ಳರು ಯಾರೂ ಇಲ್ಲಮ್ಮ. ನಿಮ್ಮ ದಾರಿಹೋಕಳು ಇದ್ದಾಳಲ್ಲ, ಅವಳೇ." ಸ್ವಲ್ಪ ಹೊತ್ತಿನಲ್ಲಿ ಮುದಿತಾಯಿಗೆ ಕೂಗಿದ್ದೂ ಮರೆಯಿತು. ಅರ್ಧ ಬಾಚಿದ ತಲೆಯನ್ನು ಮತ್ತೆ ಮುಂದಕ್ಕೆ ಒಡ್ಡಿದಳು.

ಅಂದಿನಿಂದ ಸಗಾಯಿ ಇನ್ನೊಮ್ಮೆ ಹೇಳಲಿಲ್ಲ. ಕಟ್ಟಳೆ ಅಡ್ಡ ಬಂದಿದೆ ಎಂದು ಅವಳು ಇಷ್ಟು ದಿನ ತಿಳಿದಿದ್ದಳು. ಕಟ್ಟಳೆ ಇಲ್ಲದಿದ್ದರೂ ದಾಟಲಾಗದ ನೀರೊಂದು ನಡುವೆ ಇತ್ತು.

ಕಾರ್ತಿಕದ ಚಳಿ ಶುರುವಾದಾಗ ಮುದಿತಾಯಿ ಹಾಸಿಗೆ ಹಿಡಿದಳು. ಆಗಮನಕ್ಕೆ ಹದಿನೈದು ದಿನವಿತ್ತು. ಸಗಾಯಿ ನೆನೆಹಾಕಿದ್ದ ರಾಗಿ ತಟ್ಟೆಗಳಲ್ಲಿ ಬಿಳಿ ಬೇರು ಬಿಟ್ಟಿತ್ತು. ಒಂದು ಬೆಳಿಗ್ಗೆ ಮುದಿತಾಯಿ ಕಣ್ಣು ಬಿಟ್ಟು, ಸ್ಪಷ್ಟವಾದ ದನಿಯಲ್ಲಿ, ಮನೆಯವರನ್ನೆಲ್ಲ ಕರೆ ಅಂದಳು. ಮಗ ಬಂದ, ಸೊಸೆ ಬಂದಳು. ಅವರನ್ನು ಒಬ್ಬೊಬ್ಬರನ್ನಾಗಿ ನೋಡಿ, ಇವರಲ್ಲ ಅನ್ನುವ ಹಾಗೆ ದಾಟಿ, ಕಾಲ ಬಳಿ ಕೂತಿದ್ದ ಸಗಾಯಿಯನ್ನು ಹತ್ತಿರ ಕರೆದಳು. ಸೊಂಟದಿಂದ ಕೀಲಿಕೈ ಬಿಚ್ಚಿ ಅವಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಒಂದೊಂದಾಗಿ ಮಡಿಸಿದಳು.

"ನಿನ್ನನ್ನು ನಂಬ್ತೀನವ್ವ. ಇದನ್ನು ಇಟ್ಕೊಂಡಿರು. ನನ್ನ ಮಗಳು ಸಗಾಯಿ ಬಂದರೆ ಅವಳ ಕೈಗೆ ಕೊಡು."

"ಕೊಡ್ತೀನಿ ಅಮ್ಮ."

"ಇಷ್ಟು ದಿನ ಎಲ್ಲಿದ್ದೆ ಅಂತ ಯಾರೂ ಅವಳನ್ನು ಬೈಬೇಡಿ. ಏನು ಕಷ್ಟವಿತ್ತೋ ಮಗೂಗೆ."

ಅದೇ ಅವಳ ಕೊನೆಯ ಮಾತು. ಮರುದಿನ ಮಣ್ಣು ಮಾಡಿದರು.

ಆಗಮನದ ಭಾನುವಾರ ಬಂತು. ಊರಿನ ಮನೆಮನೆಯಲ್ಲೂ ಪೆಟ್ಟಿಗೆಗಳು ತೆರೆಯುತ್ತಿದ್ದವು. ಈ ಮನೆಯ ಹಜಾರದಲ್ಲಿ ಪಾಚಿ ಹಾಸಿತ್ತು, ರಾಗಿಯ ಪೈರು ಹಸಿರಾಗಿತ್ತು, ಪೆಟ್ಟಿಗೆ ಮುಚ್ಚಿತ್ತು. ಹಿರಿಯ ಬಂದು ನಿಂತ. ಸುಟ್ಟ ಕೆನ್ನೆಯವಳು ಬಾಗಿಲ ಬಳಿ ನಿಂತಿದ್ದಳು. ಬೇಲಿಯಾಚೆ, ಇಲ್ಲಿ ಏನಾಗುತ್ತದೆ ಎಂದು ಕೇಳಿಸಿಕೊಳ್ಳಲು, ಕೆರೆಯಾಚೆಯಿಂದ ಬಂದ ಅವಳ ಗಂಡ ನಿಂತಿದ್ದ. ಹೊಸ ಅಂಗಿ ಹಾಕಿದ್ದ.

"ಕೀಲಿಕೈಯನ್ನು ದಾರಿಹೋಕಳ ಕೈಯಲ್ಲಿ ಮಗಳಿಗೆ ಅಂತ ಕೊಟ್ಟು ಹೋಗಿದ್ದಾಳೆ," ಅಂದ ಹಿರಿಯ. "ಪೆಟ್ಟಿಗೆಯಲ್ಲಿ ಉಳಿದವಳು ಅದನ್ನು ಪಡೆಯುವ ಹಾಗಿಲ್ಲ. ದಾರಿಹೋಕಳು ಬೀಗ ತೆಗೆಯುವ ಹಾಗಿಲ್ಲ. ಆದರೂ ನಾನು ಮುದುಕ, ನನಗೂ ಸಾಕಾಗಿದೆ. ಒಂದು ಸಲ ಕೇಳ್ತೀನಿ. ನೀನು ಏನು ಹೇಳಿದರೂ ಬರೆದ ಹಾಗೆ. ಸಗಾಯಿ ಬಂದಳೇ?"

"ಹೇಳಕ್ಕ," ಅಂದ ತಮ್ಮ. ಅವನು ಎಲ್ಲರ ಎದುರಿಗೆ ಅವಳನ್ನು ಅಕ್ಕ ಅಂದಿದ್ದ. "ಹೂಂ ಅನ್ನು. ಏನಾದರಾಗಲಿ."

ಸಗಾಯಿ ಪೆಟ್ಟಿಗೆಯನ್ನು ನೋಡಿದಳು. ಅದರೊಳಗೆ ಮುತ್ತಜ್ಜನ ಮನೆ ಇತ್ತು, ಕೂಸಿನ ಮನೆ ಇತ್ತು, ಅಮ್ಮನ ಮನೆಯೂ ಇತ್ತು. ಈ ವರ್ಷ ಅಮ್ಮನ ಮನೆಯನ್ನು ಮೊದಲ ಸಲ ದಿಬ್ಬದ ಮೇಲೆ ಇಡಬೇಕಿತ್ತು. ಇಡುವ ಕೈ ತನ್ನದಾಗಬೇಕಿತ್ತು. ಅವಳು ಬಾಗಿಲ ಕಡೆ ನೋಡಿದಳು. ಸುಟ್ಟ ಕೆನ್ನೆಯವಳು ಏನೂ ಕೇಳಲಿಲ್ಲ, ಬೇಡ ಅನ್ನಲಿಲ್ಲ. ತಲೆ ತಗ್ಗಿಸಿ, ಎರಡೂ ಕೈಯಲ್ಲಿ ಬಾಗಿಲಿನ ಚೌಕಟ್ಟು ಹಿಡಿದುಕೊಂಡಿದ್ದಳು. 

"ಇಲ್ಲ," ಅಂದಳು ಸಗಾಯಿ. "ಅವಳಿನ್ನೂ ಬಂದಿಲ್ಲ."

ಹಿರಿಯ ತಲೆಯಾಡಿಸಿ ಮುಂದಿನ ಮನೆಗೆ ಹೋದ. ಬೇಲಿಯಾಚೆ ನಿಂತವನು ಸ್ವಲ್ಪ ಹೊತ್ತು ಕಾದು, ಕೆರೆಯ ದಾರಿ ಹಿಡಿದ. ಸುಟ್ಟ ಕೆನ್ನೆಯವಳು ಹೊಸ್ತಿಲ ಮೇಲೆ ಕುಸಿದು ಕೂತು, ಸದ್ದಿಲ್ಲದೆ ಅತ್ತಳು.

ಮಧ್ಯಾಹ್ನವಾಯಿತು. ಸೊಸೆ ಎಲೆ ಹಾಕಿ ಅನ್ನ ಬಡಿಸಿದಳು. ತಮ್ಮ ಕೈ ತೊಳೆದು ಬಂದ. ಸಗಾಯಿಯೂ ಬಂದಳು. ಇಡುವವಳೇ ಇಲ್ಲದ್ದರಿಂದ ಯಾರನ್ನೂ ಹೊರಗೆ ಬಿಟ್ಟಂತಾಗಿರಲಿಲ್ಲ, ಯಾರನ್ನೂ ಯಾರ ಪಕ್ಕದಲ್ಲೂ ಇಟ್ಟಂತಾಗಿರಲಿಲ್ಲ. ಯಾರು ಯಾರ ಪಕ್ಕದಲ್ಲಿ ಕೂರಬೇಕೆಂದು ಆ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ತಮ್ಮ ಅಕ್ಕನ ಮುಖ ನೋಡಿದ, ಅಕ್ಕ ಸೊಸೆಯ ಮುಖ ನೋಡಿದಳು. ಅನ್ನದಿಂದ ಹಬೆ ಏಳುತ್ತಿತ್ತು. ಹಬೆ ಕಡಿಮೆಯಾಯಿತು. ಮೂವರೂ ಎಲೆಗಳ ಮುಂದೆ ಇನ್ನೂ ನಿಂತೇ ಇದ್ದರು.